ಆಪಿನಕೋಳಿಯ ಅಕ್ಕೋರು

ತೀರಿಕೊಂಡವರ ಬಗ್ಗೆ ಬರೆಯಲು ಕೂತಾಗ ಸಿಟ್ಟನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕು ಎನ್ನುತ್ತಾರೆ. ನನ್ನ ಕೈಲಿ ಅದು ಆಗುವುದಿಲ್ಲ. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡು ಓಡಿ ಬಂದು, “ಅಕ್ಕೋರ, ನಮ್ಮ ಸೈನ್ಸ್ ಅಕ್ಕೋರು ತೀರಕೊಂಡ್ರಂತ್ರಿ, ಮುಂಡರಗಿಯೊಳಗ. ತಿಂಗಳಾತಂತ” ಎಂದಳು. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನಮ್ಮಿಬ್ಬರ ಜಗಳ ಇನ್ನೂ ಮುಗಿದಿರಲಿಲ್ಲ. ನಡುವೆಯೇ ಎದ್ದು ಹೋಗುವುದೆಂದರೆ ಏನರ್ಥ? ಆ ಹುಡುಗಿ ನನ್ನ ಮುಖ ನೋಡಿ ಗಾಬರಿಯಾಗಿ, “ಕುಂಡ್ರಿ, ನೀರ ತರ್ತೀನಿ” ಎಂದಳು. ಬೇಡವೆಂದು ಶಿರಹಟ್ಟಿ ಬಸ್ಸು ಹತ್ತಿದೆ. ಅಳು ಬಂದದ್ದು ಬಸ್ಸು ಊರು ದಾಟಿದ ಮೇಲೆ.

ಅವರ ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಊರಿನ ಹೆಸರೂ ಬೇಡ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ರಸ್ತೆಯಿಂದ ತುಸು ಒಳಗೆ, ಎರೆಹೊಲಗಳ ನಡುವೆ, ಕೆರೆಯ ದಂಡೆಗಿದ್ದ ಒಂದು ಊರು ಎಂದರೆ ಸಾಕು. ಎಪ್ಪತ್ತರ ದಶಕದ ನಡುವಿನ ಮಾತು. ಊರಿನ ದೊಡ್ಡ ಮಂದಿ ಕೂಡಿ ಹುಡುಗಿಯರಿಗಾಗಿಯೇ ಒಂದು ಹೈಸ್ಕೂಲು ತೆಗೆದಿದ್ದರು. ಅಲ್ಲಿಯವರೆಗೆ ಏಳನೆಯ ಇಯತ್ತೆ ಮುಗಿಸಿದ ಹುಡುಗಿ ಸೀದಾ ಒಲೆಯ ಮುಂದೆ ಹೋಗಿ ಕೂಡುತ್ತಿದ್ದಳು. ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಬಿ.ಎಡ್. ಮುಗಿಸಿದ ಹೊಸತರಲ್ಲಿ ಕನ್ನಡ ಕಲಿಸಲು ಅಲ್ಲಿ ಸೇರಿದೆ. ಅವರು ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆ ಶಾಲೆಯಲ್ಲಿ ನಾವು ನಾಲ್ಕೈದು ಜನ ಅಕ್ಕೋರಿದ್ದೆವು. ಆದರೆ ‘ಅಕ್ಕೋರು ಬಂದ್ರು’ ಎಂದು ಯಾವಳೋ ಪಿಸುಗುಟ್ಟಿದೊಡನೆ ಇಡೀ ವರ್ಗ ಬಾಯಿ ಮುಚ್ಚುತ್ತಿದ್ದದ್ದು ಅವರೊಬ್ಬರಿಗೇ.

ಎತ್ತರದ, ಸಣಕಲು ಹೆಂಗಸು. ಮೂವತ್ತೈದು ದಾಟಿತ್ತು. ಗದಗಿನವರು, ತಂದೆ ಅಲ್ಲಿನ ಒಂದು ಗುಡಿಯಲ್ಲಿ ಪೂಜೆಗಿದ್ದವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನು ಒಮ್ಮೆ ಬಾಯಿಬಿಟ್ಟು ಕೇಳಿಯೇ ಬಿಟ್ಟೆ. “ಕನ್ಯಾ ನೋಡಾಕ ಬಂದವ್ರು ಉಪ್ಪಿಟ್ಟು ತಿಂದು ಹೋದ್ರವಾ. ಉಳದದ್ದು ನಾ ತಿಂದೆ” ಎಂದು ನಕ್ಕರು. ಆ ವಿಷಯದ ಮೇಲೆ ಅವರಿಂದ ನನಗೆ ದಕ್ಕಿದ್ದು ಅಷ್ಟೇ.

ನಾವಿಬ್ಬರೂ ಒಬ್ಬ ಮುದುಕಿಯ ಮನೆಯ ಮುಂಭಾಗದಲ್ಲಿ ಒಟ್ಟಿಗೆ ಇದ್ದೆವು. ಊರೆಲ್ಲ ಆ ಮುದುಕಿಯನ್ನು ಆಯಿ ಎನ್ನುತ್ತಿತ್ತು. ಅಡುಗೆ ಒಂದು ದಿನ ನನ್ನದು, ಒಂದು ದಿನ ಅವರದು. ಅವರ ಪಾಳಿಯ ದಿನ ಅನ್ನ ತಳ ಹಿಡಿಯುವುದು ಗ್ಯಾರಂಟಿ. ಕೆರೆಯ ಕಡೆಯಿಂದ ಏನೋ ಕೂಗಿತು ಎಂದು ಸೌಟು ಕೈಯಲ್ಲೇ ಹಿಡಿದು ಹೊರಗೆ ಹೋಗಿ ನಿಂತುಬಿಡುತ್ತಿದ್ದರು. ನಾನು ಬೈದರೆ, ತಪ್ಪು ಮಾಡಿದ ಹುಡುಗಿಯ ಹಾಗೆ ತಳದ ಕರಕಲನ್ನು ತಾವೇ ಹಾಕಿಕೊಂಡು ಕೂಡುತ್ತಿದ್ದರು. ಸ್ವಭಾವ ಹಾಗೆ. ಜಗಳಕ್ಕೆ ಬಾರದವರ ಜೊತೆ ಬಾಳುವೆ ಮಾಡುವುದು ಎಷ್ಟು ಕಷ್ಟ ಎಂದು ನನಗೆ ಅಲ್ಲಿಯೇ ತಿಳಿದದ್ದು.

ಸುಳ್ಳು ಮಾತ್ರ ಅವರ ಬಾಯಲ್ಲಿ ಹೊರಳುತ್ತಲೇ ಇರಲಿಲ್ಲ. ಇನ್‌ಸ್ಪೆಕ್ಟರು ಬರುತ್ತಾರೆಂದು ಹೆಡ್‌ಮಾಸ್ತರರು ಹಿಂದಿನ ದಿನ ಲಕ್ಷ್ಮೇಶ್ವರದ ಬೇರೊಂದು ಶಾಲೆಯಿಂದ ಹಾವು, ಚೇಳು ಹಾಕಿಟ್ಟ ಗಾಜಿನ ಬಾಟಲಿಗಳನ್ನು ಕಡ ತಂದು ಸಾಲಾಗಿ ಜೋಡಿಸಿದ್ದರು. ಇನ್‌ಸ್ಪೆಕ್ಟರರಿಗೆ ಬಹಳ ಸಂತೋಷವಾಯಿತು.

“ಈ ಹಾವಿನ ಬಾಟ್ಲಿ ಎಂದಿನಿಂದ ಐತ್ರಿ ನಿಮ್ಮಲ್ಲೆ?” ಎಂದು ಅಕ್ಕೋರನ್ನು ಕೇಳಿದರು.

“ನಿನ್ನಿ ಸಂಜಿಯಿಂದ ಐತ್ರಿ,” ಎಂದರು ಅಕ್ಕೋರು. “ನಾಳಿ ಮುಂಜಾನಿ ವಾಪಸ್ ಹೊಕ್ಕೈತ್ರಿ.”

ಹೆಡ್‌ಮಾಸ್ತರರು ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟಿದ್ದರು. ಅಕ್ಕೋರಿಗೆ ಅದು ಗೊತ್ತಾಗಲೇ ಇಲ್ಲ. ಪಾಪ, ಹೆಡ್‌ಮಾಸ್ತರರೇ ಬೇಸತ್ತು ಮಾತಾಡಿಸಿದರು.

ಇನ್ನು ಹಕ್ಕಿಯ ವಿಷಯ. ನೀರುಕೋಳಿ ಎಲ್ಲರಿಗೂ ಗೊತ್ತು, ಎದೆ ಬೆಳ್ಳಗಿರುವ ದೊಡ್ಡದು, ಭಂಡ ಹಕ್ಕಿ, ಹಿತ್ತಲವರೆಗೂ ಬರುತ್ತದೆ. ಅದೇ ಕುಲದಲ್ಲಿ ಸಣ್ಣವು ಒಂದಿಷ್ಟಿವೆ, ಅವಕ್ಕೆ ಮಂದಿಯ ಮುಖ ಕಂಡರೆ ಆಗದು. ಚಳಿಗಾಲಕ್ಕೆ ಎಲ್ಲಿಂದಲೋ ಬರುವ ಒಂದು ಇದೆ, ಗುಬ್ಬಿಗಿಂತ ತುಸುವೇ ದೊಡ್ಡದು, ಬೆನ್ನಿನ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಗೆರೆಗಳು. ಇನ್ನೊಂದು ಇಲ್ಲಿಯದೇ, ಎದೆ ಇಟ್ಟಂಗಿಯ ಕೆಂಪು, ಕಾಲೂ ಕೆಂಪು. ಎರಡೂ ಹಾರುವುದಕ್ಕಿಂತ ಓಡುವುದೇ ಹೆಚ್ಚು. ಬಾಲ ಚಿಕ್ಕದು, ಅದನ್ನು ಹೆಜ್ಜೆಗೊಮ್ಮೆ ಎತ್ತಿ ಕುಣಿಸುತ್ತವೆ. ಮೈ ಎಷ್ಟು ತೆಳುವೆಂದರೆ ಕೆರೆಯ ದಂಡೆಗೆ ಒತ್ತಾಗಿ ಬೆಳೆದ ಆಪಿನ, ಅಂದರೆ ಜೊಂಡುಹುಲ್ಲಿನ, ಎರಡು ದಂಟುಗಳ ನಡುವೆ ಒಂದೂ ಅಲುಗದ ಹಾಗೆ ತೂರಿ ಹೋಗುತ್ತವೆ. ಇಂಗ್ಲಿಷಿನ ಹಕ್ಕಿ ಪುಸ್ತಕದಲ್ಲಿ ಇವಕ್ಕೆ ಕ್ರೇಕ್ ಎಂದಿದೆಯಂತೆ. ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. “ಕಂಡವ್ರು ಯಾರರ ಇದ್ರ ಹೆಸರ ಇಡ್ತಿದ್ರವಾ” ಎಂದರು. ತಮ್ಮ ಮಟ್ಟಿಗೆ ಅವರು ಆಪಿನಕೋಳಿ ಎನ್ನುತ್ತಿದ್ದರು.

ನಮ್ಮ ಕೆರೆಯ ಒಂದು ಮಗ್ಗುಲಿಗೆ ಆಪು ಆಳೆತ್ತರ ಬೆಳೆದು ನಿಂತಿತ್ತು. ಅದರ ಬದಿಗೆ ಒಂದು ಚಪ್ಪಟೆ ಕಲ್ಲು. ನಸುಕಿನಲ್ಲಿ ಎದ್ದು ಅಕ್ಕೋರು ಅಲ್ಲಿಗೆ ಹೋಗಿ ಕೂಡುತ್ತಿದ್ದರು. ಮಾಸಿದ ಕಂದು ಸೀರೆ. ಎರಡೂ ಕೈಯ ಗಾಜಿನ ಬಳೆಗಳು ಸಪ್ಪಳ ಮಾಡದ ಹಾಗೆ ಒಂದೊಂದು ಕರ್ಚೀಫು ಸುತ್ತಿ ಗಂಟು ಹಾಕಿರುತ್ತಿದ್ದರು. ಬಳೆಯ ಸದ್ದಿಗೆ ಹಕ್ಕಿ ಒಳಗೆ ಸರಿದರೆ ಆ ದಿನದ ಕತೆ ಮುಗಿಯಿತು. ಬಳೆ ತೆಗೆದಿಟ್ಟು ಹೋಗಬಾರದೇ ಎಂದರೆ, ಕನ್ಯೆ ಬರಿಗೈಯಲ್ಲಿ ಹೊಸ್ತಿಲು ದಾಟಬಾರದೆಂದು ಅವ್ವ ಹೇಳಿದ್ದಳಂತೆ. ಅವ್ವ ಸತ್ತು ಎಷ್ಟೋ ವರ್ಷವಾಗಿತ್ತು.

ನನ್ನನ್ನೂ ಕರೆದುಕೊಂಡು ಹೋದರು. ಮೊದಲ ಸಲ ಕಂಡದ್ದು ಬರೀ ಇರುವೆ. ಎರಡನೆಯ ಸಲ ನಿದ್ದೆ. ಬೇಸತ್ತು ಆಪಿನೊಳಗೆ ಇಣುಕಿ ಇಣುಕಿ ನೋಡುತ್ತಿದ್ದರೆ ಅವರು ನನ್ನ ಕೈ ಹಿಡಿದು, “ಹುಡಕಬ್ಯಾಡ ತಂಗಿ. ಹುಡುಕೋರ ಕಣ್ಣು ಅವಕ್ಕ ತಿಳೀತೈತಿ. ಸುಮ್ಮ ಕುಂಡ್ರು” ಎಂದರು. ಕಡೆಗೊಂದು ಮುಂಜಾನೆ ಕಂಡಿತು. ಆಪಿನ ಬುಡದ ಕೆಸರಿಗೆ ಒಂದು ಕೆಂಪು ಕಾಲು ಬಂತು, ಆಮೇಲೆ ಇಟ್ಟಂಗಿ ಬಣ್ಣದ ಎದೆ. ನಾಲ್ಕು ಹೆಜ್ಜೆ ಇಟ್ಟು, ಏನನ್ನೋ ಕುಕ್ಕಿ, ಬಾಲ ಕುಣಿಸಿ, ಮತ್ತೆ ಇಲ್ಲ. ಇಷ್ಟಕ್ಕೇನಾ ಇಷ್ಟು ದಿನ ಎಂದುಕೊಂಡೆ. ಆದರೆ ಆ ದಿನ ಶಾಲೆಯಲ್ಲಿ ಪಾಠದ ನಡುವೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

“ಹುಡುಗ್ಯಾರ್ನೂ ಕರಕೊಂಡು ಬರೂಣ್ರಿ” ಎಂದೆ. ಅವರು ಒಪ್ಪಲಿಲ್ಲ. “ಹುಡುಗಿ ನೋಡ್ತಾಳ. ಮನಿಗೆ ಹೋಗಿ ತಮ್ಮಗ ಹೇಳ್ತಾಳ. ತಮ್ಮ ಕವಣಿ ತರ್ತಾನ. ಈ ಊರಾಗ ಕಂಡ ಹಕ್ಕಿ ಉಳದದ್ದು ನೋಡೀಯೇನು?” ಮಾತು ಖರೆಯೇ. ಆದರೂ ಅವತ್ತು ಹುಡುಗಿಯರನ್ನು ಕರೆದೊಯ್ದಿದ್ದರೆ ಮುಂದಿನದು ಏನೂ ಆಗುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಗುಟ್ಟು ಕಾಯುವವರಿಗೆ ಒಂದು ತಿಳಿಯುವುದಿಲ್ಲ. ಅವರು ಗುಟ್ಟು ಕಾಯುತ್ತಿದ್ದಾರೆ ಎಂಬುದು ಊರಿಗೆಲ್ಲ ಕಾಣುತ್ತಿರುತ್ತದೆ.

ನಸುಕಿನಲ್ಲಿ ಹೆಂಗಸು ತಂಬಿಗೆ ಹಿಡಿದು ಕೆರೆಯ ಕಡೆ ಹೋದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ತಂಬಿಗೆ ಇಲ್ಲದೆ ಹೋಗಿ, ಬಿಸಿಲೇರುವ ತನಕ ಕೂತು ಬಂದರೆ ನೋಡುತ್ತಾರೆ. ಆ ಮಳೆಗಾಲದಲ್ಲಿ ಆಡು ಕಾಯುವವನೊಬ್ಬ ಅವರು ಕಟ್ಟೆಯ ಕೆಳಗೆ ನಿಂತು ಬಳೆಗೆ ಕರ್ಚೀಫು ಸುತ್ತಿಕೊಳ್ಳುವುದನ್ನು ಕಂಡ. ಚಹಾದಂಗಡಿಯಲ್ಲಿ ಹೇಳಿದ. ಅಲ್ಲಿ ಕೂತ ಶ್ಯಾಣ್ಯಾನೊಬ್ಬ ಅಂದನಂತೆ: “ಬಳಿ ಸಪ್ಪಳ ಕೇಳಬಾರದಂತ ಅರಿವಿ ಸುತಗೊಂಡು ಹೋಗೂವಾಕಿ, ದೇವರ ಪೂಜಿಗೆ ಹೊಂಟಾಳೇನು?”

ಅಷ್ಟು ಸಾಕಾಯಿತು. ಗಂಡಸು ಯಾರು ಎಂಬುದು ಮಾತ್ರ ಊರಿಗೆ ತೀರ್ಮಾನವಾಗಲಿಲ್ಲ. ಒಂದು ವಾರ ಕೆರೆಯ ಪಂಪಿನ ಹುಡುಗ, ಮರುವಾರ ಡ್ರಾಯಿಂಗ್ ಮಾಸ್ತರ. ಡ್ರಾಯಿಂಗ್ ಮಾಸ್ತರರಿಗೆ ಬಿಸಿಲೇರುವ ಮುಂಚೆ ಏಳುವ ಅಭ್ಯಾಸವೇ ಇರಲಿಲ್ಲ. ಇದನ್ನೆಲ್ಲ ನಾನು ಮನೆಗೆ ಬಂದು ಹೇಳಿದರೆ ಅಕ್ಕೋರು, “ಹೌದೇನು? ಪಂಪಿನ ಹುಡುಗ ಯಾರು?” ಎಂದು ಕೇಳಿದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಗುವ ಮಾತಾಗಿ ಉಳಿಯಲಿಲ್ಲ ಅದು. ಒಂಬತ್ತನೆಯ ಇಯತ್ತೆಯ ಇಬ್ಬರು ಹುಡುಗಿಯರು ಬರುವುದು ನಿಲ್ಲಿಸಿದರು. ಆಮೇಲೆ ಮತ್ತೆ ಕೆಲವರು. ಕೇಳಲು ಹೋದರೆ ತಾಯಂದಿರು ಬಾಗಿಲಲ್ಲೇ ನಿಂತು, “ಕಲಿಸೂ ಅಕ್ಕೋರ ಹಿಂಗಾದ್ರ ನಮ್ಮ ಹುಡುಗಿ ಏನ ಕಲೀತಾಳ್ರಿ?” ಎನ್ನುತ್ತಿದ್ದರು. ಹುಡುಗಿಯರನ್ನು ಶಾಲೆಗೆ ಕಳಿಸುವುದೇ ಬೇಡವಾಗಿದ್ದ ಮಂದಿಗೆ ಒಂದು ನೆವ ಸಿಕ್ಕಿತ್ತು.

ಒಂದು ಸಂಜೆ ಶಾಲೆಯ ಚೇರ್ಮನ್ನರು ಹೆಡ್‌ಮಾಸ್ತರರನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಲಕ್ಷ್ಮೇಶ್ವರದ ಪೇಟೆಯಲ್ಲಿ ಅವರದು ಕಾಳುಕಡಿಯ ವ್ಯಾಪಾರ. ಮನುಷ್ಯ ಕೆಟ್ಟವರಲ್ಲ, ಹುಡುಗಿಯರ ಶಾಲೆ ಬೇಕೆಂದು ಮನೆಮನೆ ತಿರುಗಿದವರು ಅವರೇ. ಮಗಳೂ ಹತ್ತನೆಯ ಇಯತ್ತೆಯಲ್ಲಿದ್ದಳು, ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದು. ಕೂತು, ಗೋಡೆ ನೋಡುತ್ತ ಮಾತಾಡಿದರು.

“ಅಕ್ಕೋರ, ನಾ ನಿಮಗ ಏನೂ ಅನ್ನಾಂಗಿಲ್ರಿ. ಆದ್ರ ಮಂದಿ ಬಾಯಿಗೆ ಕೈ ಅಡ್ಡ ಹಿಡ್ಯಾಕ ಆಗೂದಿಲ್ಲ. ನೀವು ಅಲ್ಲೆ ಏನ ನೋಡಾಕ ಹೋಗ್ತೀರಿ, ಅಷ್ಟ ಹೇಳ್ರಿ.”

“ಹಕ್ಕಿ ನೋಡಾಕ್ರಿ.” ಅಕ್ಕೋರು ಹಕ್ಕಿಯ ಗುಣಲಕ್ಷಣವನ್ನೆಲ್ಲ ಪಾಠ ಹೇಳಿದ ಹಾಗೆ ಹೇಳಿದರು.

“ನಾ ಈ ಊರಾಗ ಹುಟ್ಟಿ ಬೆಳದಾಂವ್ರಿ. ಅಂಥಾ ಹಕ್ಕಿ ಒಮ್ಮೆರ ಕಂಡಿಲ್ಲಲ್ರಿ.”

“ಅದು ಯಾರಿಗೂ ಕಾಣಂಗಿಲ್ರಿ.”

ಇದಕ್ಕಿಂತ ಕೆಟ್ಟ ಉತ್ತರ ಯಾರೂ ಕೊಡಲು ಸಾಧ್ಯವಿರಲಿಲ್ಲ. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಆದರೂ ಚೇರ್ಮನ್ನರು ಸಿಟ್ಟಾಗಲಿಲ್ಲ. ಒಂದು ದಾರಿ ಹೇಳಿದರು: “ನಾಳಿ ಮುಂಜಾನಿ ನಾನ ಬರ್ತೀನಿ. ನನಗ ಹಕ್ಕಿ ತೋರಸ್ರಿ. ನಾ ಕಂಡ್ರ ಊರ ಕಂಡಂಗ. ಚಾವಡಿ ಮುಂದ ನಿಂತು ಹೇಳ್ತೀನಿ, ಅಕ್ಕೋರು ಹೇಳಿದ್ದು ಖರೆ ಐತಿ, ನಾಳಿಯಿಂದ ಹುಡುಗ್ಯಾರ್ನ ಕಳಸ್ರಿ ಅಂತ. ಅಲ್ಲಿಗೆ ಮುಗೀತು.”

ಅವರು ಹೋದ ಮೇಲೆ ನನಗೆ ಜೀವ ಬಂದ ಹಾಗಾಯಿತು. ಅಕ್ಕೋರ ಮುಖ ಮಾತ್ರ ಸಪ್ಪಗಿತ್ತು. “ಕಾವಿಗೆ ಕುಂತೈತವಾ,” ಎಂದರು. ಅದು ನನಗೂ ಗೊತ್ತಿತ್ತು. ಕಲ್ಲಿನಿಂದ ನಾಲ್ಕು ಮಾರು ಒಳಗೆ, ಆಪಿನ ಗರಿಗಳನ್ನು ಮಡಚಿ ಮಾಡಿದ ತಟ್ಟೆಯಂಥ ಗೂಡು, ಅದರಲ್ಲಿ ಐದಾರು ತತ್ತಿ, ಕೆನೆ ಬಣ್ಣದವು, ಮೇಲೆ ಕಂದು ಚುಕ್ಕೆ. ತಾಯಿ ಮೇಯಲು ಎದ್ದಾಗ ನನಗೆ ಒಮ್ಮೆ ತೋರಿಸಿದ್ದರು. “ಕಾವಿಗೆ ಕುಂತದ್ದು ಮಂದಿ ಕಂಡ್ರ ಕಲ್ಲಾಗಿ ಕುಂಡರ್ತೈತಿ. ಹೊರಗ ಬರೂದಿಲ್ಲ.”

ಬೆಳಗ್ಗೆ ಚೇರ್ಮನ್ನರು ಶಾಲೆಯ ಕಮಿಟಿಯ ಇಬ್ಬರು ಮೆಂಬರರ ಜೊತೆ ಬಂದರು. ಅವರ ಹಿಂದೆ ಅರ್ಧ ಊರು ಬಂದಿತ್ತು, ಕೆಲವರು ತಂಬಿಗೆ ಸಮೇತ. ಅಕ್ಕೋರು ಎಲ್ಲರನ್ನೂ ಸದ್ದು ಮಾಡದ ಹಾಗೆ ಕೂಡಿಸಿದರು. ಒಬ್ಬ ಕೆಮ್ಮಿದ. ಒಬ್ಬ ಬೀಡಿ ಹಚ್ಚಿದ. ಯಾರೋ, “ಹಕ್ಕಿ ಪ್ಯಾಂಟ್ ಹಾಕ್ಕೊಂಡು ಬರೂದು ತಡಾ ಆತೇನೋ” ಎಂದದ್ದಕ್ಕೆ ಹಿಂದಿನ ಸಾಲು ನಕ್ಕಿತು. ಚೇರ್ಮನ್ನರು ತಿರುಗಿ ನೋಡಿದ ಮೇಲೆ ಸುಮ್ಮನಾದರು. ಬಿಸಿಲು ಬಂತು. ಆಪಿನಲ್ಲಿ ಒಂದು ಎಲೆ ಅಲುಗಲಿಲ್ಲ.

ಆಗ ಮೆಂಬರರೊಬ್ಬರು ಎದ್ದರು. ಹರೆಯದಲ್ಲಿ ಮೊಲ, ಕವುಜುಗ ಬೇಟೆಯಾಡಿದವರು. “ಹಿಂಗ ಕುಂತ್ರ ಹಕ್ಕಿ ಬರ್ತಾವೇನ್ರಿ? ನಾಕ ಮಂದಿನ ಕೋಲ ಕೊಟ್ಟು ಇಳಸ್ರಿ. ಈ ಕಡೆಯಿಂದ ಬಡಕೋಂತ ಹೋದ್ರ, ಇದ್ದದ್ದೆಲ್ಲಾ ಆ ಕಡೆ ಎದ್ದು ಹಾರ್ತಾವ. ಎಲ್ಲಾರೂ ಕಾಣ್ತಾರ. ಬಗೀ ಹರೀತು.” ಹುಡುಗರು ಆಗಲೇ ಧೋತರ ಮೇಲಕ್ಕೆ ಕಟ್ಟಿದ್ದರು. ಕೋಲು ಕೈಗೆ ಬಂದಿದ್ದವು.

ಚೇರ್ಮನ್ನರಿಗೂ ಅದು ಸರಿ ಕಂಡಿತು. ಅಕ್ಕೋರ ಕಡೆ ತಿರುಗಿ ಮೆಲ್ಲಗೆ, “ಹೂಂ ಅನ್ರಿ ಅಕ್ಕೋರ. ಇಳಸ್ತೀನಿ” ಎಂದರು. ಆ ದನಿಯಲ್ಲಿ ಅವರ ಮಾನ ಉಳಿಸುವ ಆಸೆಯೇ ಇತ್ತು, ಬೇರೇನೂ ಇರಲಿಲ್ಲ.

ಅಕ್ಕೋರು ಒಮ್ಮೆ ಆಪಿನ ಕಡೆ ನೋಡಿದರು. “ಬ್ಯಾಡ್ರಿ,” ಎಂದರು. “ಅದರಾಗ ಏನೂ ಇಲ್ರಿ.”

“ಮತ್ತ ಹಕ್ಕಿ?”

“ಹಕ್ಕಿ ಇಲ್ರಿ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಎದ್ದು ನಿಂತು ಕೂಗಿದೆ: “ಐತ್ರಿ! ನಾನೂ ಕಂಡೀನ್ರಿ!” ಅಕ್ಕೋರು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು, ಉಗುರು ನಟ್ಟವು. ಎಲ್ಲರ ಮುಂದೆ ಹೇಳಿದರು: “ಆಕಿ ಇನ್ನಾ ಸಣ್ಣಾಕಿ ಅದಾಳ್ರಿ. ನನ್ನ ಸಲುವಾಗಿ ಸುಳ್ಳ ಹೇಳಾಕ ಹತ್ಯಾಳ.”

ಯಾರೂ ನಗಲಿಲ್ಲ. ಚೇರ್ಮನ್ನರು ನೆಲ ನೋಡಿದರು. “ಹಂಗಾರ ದಿನಾ ಇಲ್ಲಿಗೆ ಯಾತಕ್ಕ ಬರ್ತಿದ್ರಿ?” ಎಂದರು. ಅಕ್ಕೋರು ಸೆರಗು ಹೊದ್ದು ನಿಂತರು. “ನನ್ನ ಕೈ ಕಟ್ಟಿ ಹಾಕಿದ್ರಿ ಅಕ್ಕೋರ” ಎಂದಷ್ಟೇ ಹೇಳಿ ಅವರು ಎದ್ದು ಹೋದರು. ಹುಡುಗರು ಕೋಲು ಎಳೆಯುತ್ತ ಹಿಂದೆ ಹೋದರು.

ಮನೆಗೆ ಬಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆಯಿ ಒಳಗಿನಿಂದ ಬಂದು ಬಾಗಿಲು ಹಾಕಿದಳು, ಓಣಿಗೆ ಕೇಳಬಾರದೆಂದು. ಅಕ್ಕೋರು ಗೋಡೆಗೆ ಆತು ಕೂತಿದ್ದರು.

“ಗೂಡು ಐತಿ ಅಂದಿದ್ರ ಇಳೀತಿದ್ರವಾ. ಇಲ್ಲ ಅಂದ್ರ ಯಾಕ ಇಳೀತಾರ? ನೀ ಹೌದಂದು ನಾ ಇಲ್ಲಂದ್ರ, ಖರೆ ಯಾವದು ಅಂತ ನೋಡಾಕ ಇಳೀತಿದ್ರು. ಅದಕ್ಕ ನಿನ್ನ ಸುಳ್ಳಿ ಮಾಡಿದೆ. ಸಿಟ್ಟಾಗಬ್ಯಾಡ.”

“ಮತ್ತ ಆ ಹುಡುಗ್ಯಾರು? ಅವರ ಗತಿ ಏನ್ರಿ?”

ಅಕ್ಕೋರು ಎದ್ದು ಸೀರೆಗಳನ್ನು ಮಡಚತೊಡಗಿದರು. ಒಂದನ್ನೇ ಮತ್ತೆ ಮತ್ತೆ ಬಿಚ್ಚಿ ಮಡಚುತ್ತಿದ್ದರು.

ಮರುದಿನವೇ ಕೆಲಸ ಬಿಟ್ಟು ಗದಗಿನ ಬಸ್ಸು ಹತ್ತಿದರು. ಕಳಿಸಲು ಹೋದದ್ದು ಆಯಿ ಒಬ್ಬಳೇ. ನಾನು ಹೋಗಲಿಲ್ಲ, ಸಿಟ್ಟಿತ್ತು. ಆಯಿ ತಿರುಗಿ ಬಂದು ಅಂದಳು: “ಸುಳ್ಳ ಹೇಳಾಕ ಬರಲಾರದಾಕಿ ಸುಳ್ಳ ಹೇಳಿದ್ರ ಹಿಂಗ ನೋಡವಾ. ಮಂದಿ ಅದನ್ನ ಖರೆ ಅಂತ ಹಿಡಕೊಂಡ್ರು.”

ಆ ಸಂಜೆ ತಡೆಯಲಾರದೆ ಕೆರೆಗೆ ಹೋದೆ. ದೂರದಿಂದಲೇ ಕಂಡಿತು, ಆಪು ಅಲ್ಲಲ್ಲಿ ಅಡ್ಡಬಿದ್ದಿತ್ತು. ಏಳೆಂಟು ಗಂಡಸರು ಕೆಸರಿನಿಂದ ಹೊರಗೆ ಬರುತ್ತಿದ್ದರು. ಹಕ್ಕಿ ಹುಡುಕಲು ಇಳಿದವರಲ್ಲ ಅವರು. ಹಕ್ಕಿ ಇಲ್ಲವೆಂದು ಅಕ್ಕೋರೇ ಹೇಳಿದ್ದರಲ್ಲ. ಹಕ್ಕಿ ಇಲ್ಲವೆಂದ ಮೇಲೆ ಅಲ್ಲಿ ಒಬ್ಬ ಗಂಡಸು ಇದ್ದಿರಲೇಬೇಕು. ಅವನ ಕುರುಹು ಹುಡುಕಲು ಇಳಿದಿದ್ದರು. ಒಬ್ಬನ ಕೈಯಲ್ಲಿ ಕೊಳೆತ ಹಳೆಯ ಚಪ್ಪಲಿ ಇತ್ತು. ಯಾವ ಕಾಲದಲ್ಲಿ ಯಾವ ಮೀನು ಹಿಡಿಯುವವನು ಬಿಟ್ಟದ್ದೋ. “ಸಿಕ್ಕೈತಿ ನೋಡ್ರಿ!” ಎಂದು ಅದನ್ನು ನನಗೆ ಎತ್ತಿ ತೋರಿಸಿದ.

ಅವರೆಲ್ಲ ಹೋದ ಮೇಲೆ ನಾನು ಸೀರೆ ಎತ್ತಿಕಟ್ಟಿ ಇಳಿದೆ. ಗೂಡು ಒಬ್ಬನ ಹಿಮ್ಮಡಿಯ ಗುರುತಿನಲ್ಲಿ ಕೆಸರಿಗೆ ಹುಗಿದು ಹೋಗಿತ್ತು. ಚೂರು ಚಿಪ್ಪು ಅಂಟಿಕೊಂಡಿತ್ತು. ತುಳಿದವನಿಗೆ ತುಳಿದದ್ದೂ ಗೊತ್ತಿರಲಿಕ್ಕಿಲ್ಲ. ಅಲ್ಲಿ ನಿಂತು ಅತ್ತೆ, ಅಕ್ಕೋರನ್ನು ಬೈದುಕೊಂಡೇ ಅತ್ತೆ. ಇಷ್ಟಕ್ಕಾಗಿ ಎಲ್ಲವನ್ನೂ ಕಳಕೊಂಡಳಲ್ಲ ಈ ಹುಚ್ಚಿ ಎಂದು.

ಚೇರ್ಮನ್ನರು ಮೊದಲು ಬಿಡಿಸಿದ್ದು ತಮ್ಮ ಮಗಳನ್ನೇ. ತಾವು ಕಂಡರೆ ಊರು ಕಂಡ ಹಾಗೆ ಎಂದಿದ್ದವರು, ಕಾಣದೆ ಹೋದ ಮೇಲೆ ಬೇರೆ ದಾರಿ ಇರಲಿಲ್ಲ. ಮ್ಯಾಟ್ರಿಕ್ ಪರೀಕ್ಷೆಗೆ ಕೂಡಬೇಕಿದ್ದ ಬೇಸಿಗೆಯಲ್ಲಿ ಆ ಹುಡುಗಿಯ ಲಗ್ನವಾಯಿತು. ಶಾಲೆ ಮುಚ್ಚಲಿಲ್ಲ, ಬಡಕಲಾಗಿ ಉಳಿಯಿತು. ಹೊಸ ವಿಜ್ಞಾನದ ಶಿಕ್ಷಕರು ಸಿಗುವ ತನಕ ಆ ಪಾಠವನ್ನೂ ನನ್ನ ತಲೆಗೇ ಕಟ್ಟಿದರು. ಕಪ್ಪೆಯ ಹೃದಯವನ್ನು ನಾನು ಪದ್ಯದ ಹಾಗೆ ಓದಿ ಹೇಳಿದೆ. ‘ಸುಳ್ಳ ಸಾಕ್ಷಿ ಅಕ್ಕೋರು’ ಎಂಬ ಹೆಸರು ನನ್ನ ಬೆನ್ನಿಗೆ ಬಹಳ ದಿನ ಅಂಟಿತ್ತು.

ಎಷ್ಟೋ ವರ್ಷದ ಮೇಲೆ, ಎಂಬತ್ತರ ದಶಕದ ನಡುವೆ, ಶಿಕ್ಷಕರ ತರಬೇತಿಗೆಂದು ಮುಂಡರಗಿಗೆ ಹೋಗಬೇಕಾಯಿತು. ಅಕ್ಕೋರು ಅಲ್ಲಿದ್ದಾರೆ, ಸಿಂಗಟಾಲೂರಿನ ಕಡೆಯ ಒಂದು ಹಳ್ಳಿಯ ಸಣ್ಣ ಶಾಲೆಯಲ್ಲಿ ಕಲಿಸುತ್ತಾರೆ ಎಂದು ತಿಳಿಯಿತು. ಮನೆ ಹುಡುಕಿಕೊಂಡು ಹೋದೆ. ಆಡಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಕಡೆಯ ಮಾತು ಗೂಡಿನದು. ನೀವು ಮಾಡಿದ್ದೆಲ್ಲ ನೀರಲ್ಲಿ ಹೋಯಿತು, ನೀವು ಇಲ್ಲವೆಂದದ್ದಕ್ಕೇ ಅವರು ಇಳಿದು ತುಳಿದರು ಎಂದು ಹೇಳಿ ಎದ್ದು ಬರುವುದು.

ಬಾಗಿಲು ತೆಗೆದವರನ್ನು ಕಂಡು ಗುರುತು ಹತ್ತಲು ತುಸು ಹೊತ್ತು ಬೇಕಾಯಿತು. ಪೂರ್ತಿ ನೆರೆತಿದ್ದರು. “ಬಾರವಾ ತಂಗಿ” ಎಂದರು, ನಿನ್ನೆ ಬಿಟ್ಟು ಹೋದವಳನ್ನು ಕರೆದ ಹಾಗೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದರು. ಹೊಳೆಯ ದಂಡೆಗೆ ಹಕ್ಕಿ ನೋಡಲು ಹೋಗುತ್ತೀರೇನು ಎಂದೆ. “ಇಲ್ಲವಾ. ಬಿಟ್ಟೀನಿ. ಮುಂಜಾನೆ ಎದ್ದು ಬಾಗಲಾ ತಗೀಯಾಕ ಅಂಜಿಕಿ ಬರ್ತೈತಿ” ಎಂದರು. ಆ ಮಾತು ನನ್ನ ಸಿದ್ಧತೆಯನ್ನು ಅರ್ಧ ಕೆಡಿಸಿತು. ಆದರೂ ಶುರು ಮಾಡಿದೆ. ಚೇರ್ಮನ್ನರ ಮಗಳ ಸುದ್ದಿ ಹೇಳಿದೆ.

“ಗೊತ್ತೈತಿ,” ಎಂದರು. “ಲಗ್ನದ ದಿವಸ ಬಂದಿದ್ದೆ. ಒಳಗ ಬರಲಿಲ್ಲ. ಮೆರವಣಿಗಿ ಹೊಂಟಾಗ ಮಂದ್ಯಾಗ ನಿಂತು ಆಕಿ ಮುಖ ನೋಡಿ ಹೋದೆ.” ಆಮೇಲೆ, “ಆಕಿ ನನಗ ಈಗೂ ಕನಸಿನ್ಯಾಗ ಬರ್ತಾಳ ತಂಗಿ. ಪಾಠ ಕೇಳ್ತಾಳ” ಎಂದರು.

ನಾನು ರೊಟ್ಟಿ ಮುರಿಯುತ್ತ ಕೂತೆ. ಆಗ ಅವರೇ ಕೇಳಿದರು. ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಪ್ರಶ್ನೆ ಎಂದು ಕೇಳಿದ ರೀತಿಯಿಂದಲೇ ತಿಳಿಯಿತು.

“ಮರಿ ಆದ್ವೇನವಾ?”

ಹೇಳಬೇಕಾದ ಮಾತು ನಾಲಗೆಯ ತುದಿಗೇ ಇತ್ತು. ಅವರ ಮುಖ ನೋಡಿದೆ. “ಆದ್ವು ರೀ” ಎಂದೆ.

“ನೀ ನೋಡಿದ್ಯಾ?”

“ನೋಡಿದೆ. ನೀವು ಹೋದ ವಾರದಾಗ. ಅವ್ವನ ಹಿಂದ ಹೊಂಟಿದ್ವು, ಎಲ್ಲಾವೂ.”

“ಹೆಂಗಿದ್ವು?”

“ಥೇಟ್ ಅವ್ವನಂಗ ರೀ. ಎದಿ ಕೆಂಪಗ, ಸಣ್ಣ ಸಣ್ಣವು. ಭಾಳ ಚಂದಿದ್ವು.”

ಅವರು ನನ್ನನ್ನೇ ನೋಡಿದರು. “ಹೌದವಾ,” ಎಂದರು ಆಮೇಲೆ. “ಹಂಗ ಇರ್ತಾವ.” ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಮೊಸರಿನ ಗಡಿಗೆ ತರಲೆಂದು ಒಳಗೆ ಹೋದರು. ಬರುವುದು ತಡವಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ನನ್ನ ಮೇಲೆಯೇ ಅಭಿಮಾನ. ಜಗಳ ಮುಂದೆ ಎಂದಾದರೂ ಆಡಬಹುದು, ಆ ಜೀವಕ್ಕೆ ಒಂದು ಸಮಾಧಾನವನ್ನಾದರೂ ಕೊಟ್ಟೆ ಎಂದುಕೊಂಡೆ. ಮುಂದೆ ಆಡಲು ಅವರು ಉಳಿಯಲಿಲ್ಲ.

ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಅವರು ಹೋದ ಸುದ್ದಿ ಸಿಕ್ಕದ್ದು ಒಂದೆರಡು ವರ್ಷದ ಮೇಲೆ, ಬೇಸಿಗೆಯಲ್ಲಿ. ಆ ವರ್ಷದ ಮಳೆಗಾಲದಲ್ಲಿ ಕೆಲಸದ ಮೇಲೆ ಕಳಸಾಪುರಕ್ಕೆ ಹೋಗಿದ್ದೆ. ತಿರುಗಿ ಬರುವ ಬಸ್ಸು ತಡವಾಯಿತೆಂದು ದಾರಿಬದಿಯ ಒಂದು ಹೊಂಡದ ದಂಡೆಗೆ ಹೋಗಿ ಕೂತೆ. ಏನನ್ನೂ ಹುಡುಕುತ್ತಿರಲಿಲ್ಲ. ಅದಕ್ಕೇ ಇರಬೇಕು, ಆಪಿನ ಬುಡದಿಂದ ಕೆಂಪೆದೆ ಹೊರಗೆ ಬಂತು. ಬಾಲ ಕುಣಿಸಿತು. ಅದರ ಹಿಂದೆ ಒಂದು ಮರಿ, ಇನ್ನೊಂದು, ಮತ್ತೆರಡು. ಒಂದೂ ಕೆಂಪಗಿರಲಿಲ್ಲ. ಎಲ್ಲವೂ ಒಲೆಯ ಮಸಿಯ ಹಾಗೆ ಕಪ್ಪಗಿದ್ದವು.

ಈ ಹಕ್ಕಿಯ ಮರಿಗಳು ಕಪ್ಪಗೆ ಹುಟ್ಟುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಕಲ್ಲಿನ ಮೇಲೆ ಕೂತ ಅಕ್ಕೋರಿಗೆ ಗೊತ್ತಿಲ್ಲದೆ ಹೇಗೆ ಇದ್ದೀತು? ಬಸ್ಸು ಬಂದು ಹಾರ್ನ್ ಹೊಡೆದು ಹೊರಟು ಹೋಯಿತು, ನಾನು ಏಳಲಿಲ್ಲ. ಮುಂಡರಗಿಯ ಆ ಮಧ್ಯಾಹ್ನ, ಗೂಡು ಹೋದ ಸುದ್ದಿಯನ್ನು ನಾನೇ ಅವರಿಗೆ ಹೇಳಿ ಬಂದಿದ್ದೆ.